ಸೋಮನಾಥಪುರಕ್ಕೆ ಹೋದರೆ ಮಲ್ಲಿತಮ್ಮನ ಹೆಸರು ಹುಡುಕಿ

ಸೋಮನಾಥಪುರದ ಕೇಶವ ದೇವಾಲಯ ನೋಡೋಕೆ ಹೊರಟವರಿಗೆ ನಾನು ಮೊದಲು ಹೇಳೋದು ಒಂದೇ ಮಾತು. ಶಿಲ್ಪದ ಮುಖ ನೋಡಿದ ಮೇಲೆ ಅದರ ಪಾದದ ಕೆಳಗೂ ಸ್ವಲ್ಪ ನೋಡಿ. ಗೋಡೆಯ ಮೇಲೆ ಸಾಲಾಗಿ ನಿಂತಿರುವ ದೊಡ್ಡ ವಿಗ್ರಹಗಳ ಪೀಠದಲ್ಲಿ, ಕಿರಿದಾದ ಪಟ್ಟಿಯ ಮೇಲೆ, ಅಲ್ಲಲ್ಲಿ ಅಕ್ಷರಗಳಿವೆ. ಅವು ಶ್ಲೋಕ ಅಲ್ಲ, ದೇವರ ಹೆಸರೂ ಅಲ್ಲ, ಕಟ್ಟಿಸಿದ ದೊರೆಯ ಬಿರುದೂ ಅಲ್ಲ. ಆ ವಿಗ್ರಹ ಕಡೆದವನ ಹೆಸರು. ಕನ್ನಡದಲ್ಲಿ.

ನಮ್ಮ ದೇಶದಲ್ಲಿ ಎಷ್ಟು ದೊಡ್ಡ ದೊಡ್ಡ ದೇವಸ್ಥಾನಗಳಿವೆ, ಅವನ್ನು ಕಟ್ಟಿಸಿದ ರಾಜರ ಹೆಸರು ಶಾಲೆಯಲ್ಲೇ ಬಾಯಿಪಾಠ ಮಾಡ್ತೀವಿ, ಆದರೆ ಉಳಿ ಹಿಡಿದು ಕೂತವರ ಹೆಸರು ಕೇಳಿದರೆ ಬಹುತೇಕ ಕಡೆ ಉತ್ತರ ಇಲ್ಲ. ಹೊಯ್ಸಳರ ನಾಡಿನಲ್ಲಿ ಮಾತ್ರ ಕಥೆ ಬೇರೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಮದನಿಕೆಯರ ಕೆಳಗೆ ಹೆಸರು ಬರೆದಿದ್ದಾರೆ. ಸೋಮನಾಥಪುರದಲ್ಲಂತೂ ಗೋಡೆ ತುಂಬ ಹೆಸರುಗಳು. ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ಬಾಲೆಯ, ಭರ್ಮಯ, ನಂಜಯ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಆರ್. ನರಸಿಂಹಾಚಾರ್ ಅವರು ನೂರು ವರ್ಷದ ಹಿಂದೆಯೇ ಇವನ್ನೆಲ್ಲ ಓದಿ ದಾಖಲಿಸಿದ್ದರು. ಇವುಗಳಲ್ಲಿ ಮಲ್ಲಿತಮ್ಮನ ಕೈದೇ ಜಾಸ್ತಿ. ಸುಮಾರು 40 ವಿಗ್ರಹಗಳ ಕೆಳಗೆ ಅವನ ಹೆಸರಿದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರೀ 'ಮಲ್ಲಿ', ಇನ್ನು ಕೆಲವು ಕಡೆ 'ಮ' ಅನ್ನೋ ಒಂದೇ ಅಕ್ಷರ.

ಈ ಸಲ ಅಮ್ಮ ಮತ್ತು ಅಕ್ಕನ ಮಗಳ ಜೊತೆ ಹೋಗಿದ್ದೆ. ಮೈಸೂರಿನಿಂದ ಬನ್ನೂರಿನ ಮೇಲೆ ಹೋದರೆ ಒಂದು ಗಂಟೆಯ ದಾರಿ, ಹತ್ತಿರ ಹತ್ತಿರ 35 ಕಿಲೋಮೀಟರ್. ದಾರಿಯುದ್ದಕ್ಕೂ ಕಾವೇರಿ ನಾಲೆಯ ನೀರು, ಗದ್ದೆ, ಕಬ್ಬು. ಬೆಂಗಳೂರಿನವರಾದರೆ ಮಳವಳ್ಳಿ ಕಡೆಯಿಂದ ಬರಬಹುದು. ಊರು ತುಂಬಾ ಚಿಕ್ಕದು. ಟಿಕೆಟ್ ತಗೊಂಡು, ಹುಲ್ಲುಹಾಸು ದಾಟಿ, ಮಹಾದ್ವಾರದೊಳಗೆ ಕಾಲಿಡುವವರೆಗೂ ದೇವಸ್ಥಾನ ಸರಿಯಾಗಿ ಕಾಣಿಸೋದೇ ಇಲ್ಲ. ಗೋಪುರ ದೂರದಿಂದಲೇ ಕರೆಯುವ ದೇವಸ್ಥಾನ ಇದಲ್ಲ.

ಮಹಾದ್ವಾರದಲ್ಲೇ ಒಂದು ದೊಡ್ಡ ಶಾಸನದ ಕಲ್ಲು ನಿಂತಿದೆ. ಎಲ್ಲರೂ ಅದರ ಪಕ್ಕದಲ್ಲೇ ಸರಸರ ಒಳಗೆ ಹೋಗಿಬಿಡ್ತಾರೆ. ಒಂದು ನಿಮಿಷ ಅಲ್ಲಿ ನಿಲ್ಲಿ. ಇದನ್ನು ಕಟ್ಟಿಸಿದವನು ರಾಜ ಅಲ್ಲ, ಹೊಯ್ಸಳ ದೊರೆ ಮೂರನೆಯ ನರಸಿಂಹನ ಬಳಿ ದಂಡನಾಯಕನಾಗಿದ್ದ ಸೋಮನಾಥ. ರಾಜನ ಅಪ್ಪಣೆ ಪಡೆದು, ಇಲ್ಲಿ ಅಗ್ರಹಾರ ಮಾಡಿಸಿ, ಅದಕ್ಕೆ ತನ್ನ ಹೆಸರನ್ನೇ ಇಟ್ಟು, 1258ರಲ್ಲಿ ಕೇಶವನ ಪ್ರತಿಷ್ಠೆ ಮಾಡಿಸಿದ. ಅವನ ಹೆಸರು ಶಿವನದು, ಕಟ್ಟಿಸಿದ್ದು ವಿಷ್ಣುವಿಗೆ. ಹಾಗಂತ ಶಿವನನ್ನು ಬಿಟ್ಟನೇ ಅಂದರೆ ಅದೂ ಇಲ್ಲ. ಅದೇ ಊರಲ್ಲಿ ಪಂಚಲಿಂಗ ದೇವಾಲಯವನ್ನೂ ಕಟ್ಟಿಸಿದ್ದಾನೆ. ಅದು ಗಟ್ಟಿ ಗ್ರಾನೈಟಿನದು, ಈಗ ಪಾಳು ಬಿದ್ದಿದೆ, ಅಲ್ಲಿಗೆ ಹೋಗುವವರು ಬಹಳ ಕಡಿಮೆ. ಸಮಯ ಇದ್ದರೆ ಅದನ್ನೂ ನೋಡಿ ಬನ್ನಿ, ಒಬ್ಬನೇ ಮನುಷ್ಯ ಎರಡು ಬಗೆಯ ಕಲ್ಲಿನಲ್ಲಿ ಏನೇನು ಕಟ್ಟಿಸಿದ ಅಂತ ತಿಳಿಯುತ್ತೆ.

ಕೇಶವ ದೇವಾಲಯದ್ದು ಬಳಪದ ಕಲ್ಲು. ನಾವು ಸ್ಲೇಟಿನ ಮೇಲೆ ಬರೀತಿದ್ದೆವಲ್ಲ, ಆ ಬಳಪದ ಜಾತಿಯದೇ. ಭೂಮಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿ ಬಿಸಿಲು ತಾಗ್ತಾ ತಾಗ್ತಾ ಗಟ್ಟಿಯಾಗುತ್ತೆ. ಅದಕ್ಕೇ ಇಲ್ಲಿ ಒಡವೆಯ ಒಂದೊಂದು ಮಣಿಯೂ ಬೇರೆ ಬೇರೆಯಾಗಿ ಎದ್ದು ಕಾಣೋದು, ಸರಕ್ಕೂ ಕುತ್ತಿಗೆಗೂ ನಡುವೆ ಸಂದು ಇರೋದು. ಗ್ರಾನೈಟಿನಲ್ಲಿ ಇಷ್ಟು ಸೂಕ್ಷ್ಮ ಕೆಲಸ ಮಾಡೋದು ತುಂಬಾ ಕಷ್ಟ.

ಒಳಗೆ ಕಾಲಿಟ್ಟ ತಕ್ಷಣ ಅಮ್ಮನಿಗೆ ಬೇಜಾರಾಯಿತು. ಗಂಟೆ ಇಲ್ಲ, ದೀಪ ಇಲ್ಲ, ಮಂಗಳಾರತಿ ಇಲ್ಲ, ತೀರ್ಥ ಇಲ್ಲ. ಮನೆಯಿಂದ ಬಾಳೆ ಎಲೆಯಲ್ಲಿ ಸುತ್ತಿ ತಂದಿದ್ದ ಮಲ್ಲಿಗೆ ಹಾಗೇ ಚೀಲದಲ್ಲಿ ಉಳಿಯಿತು.

"ಪೂಜೆ ಇಲ್ದಿರೋದನ್ನ ದೇವಸ್ಥಾನ ಅಂತ ಹೇಗೆ ಅಂತೀಯೆ?" ಅಂದರು.

ಇಲ್ಲಿ ಪೂಜೆ ನಿಂತು ಬಹಳ ಕಾಲವಾಗಿದೆ. ಭಿನ್ನವಾದ ವಿಗ್ರಹಕ್ಕೆ ಪೂಜೆ ಮಾಡೋ ಹಾಗಿಲ್ಲ ಅನ್ನೋದು ನಮ್ಮ ಪದ್ಧತಿ, ಅದು ಅಮ್ಮನಿಗೂ ಗೊತ್ತು. ನಡುವಿನ ಗರ್ಭಗುಡಿಯ ಮೂಲ ಕೇಶವನ ವಿಗ್ರಹವೇ ಈಗ ಇಲ್ಲ, ಅಲ್ಲಿರುವುದು ನಂತರ ಇಟ್ಟಿದ್ದು. ದಕ್ಷಿಣದಲ್ಲಿ ವೇಣುಗೋಪಾಲ, ಉತ್ತರದಲ್ಲಿ ಜನಾರ್ದನ, ಇವೆರಡು ಹಳೆಯವು, ಆಳೆತ್ತರ ಇವೆ, ಅವಕ್ಕೂ ಪೆಟ್ಟಾಗಿದೆ. ಬೇಲೂರಿನಲ್ಲಿ ಚೆನ್ನಕೇಶವನಿಗೆ ಇವತ್ತಿಗೂ ನಿತ್ಯ ಪೂಜೆ ನಡೆಯೋದರಿಂದ ಅಲ್ಲಿನ ಗಾಳಿಯೇ ಬೇರೆ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೂ ನನಗೆ ಸೋಮನಾಥಪುರ ದೇವಸ್ಥಾನವೇ. ಪುರಾತತ್ವ ಇಲಾಖೆಯ ನೀಲಿ ಫಲಕ ಹಾಕಿದ ಮಾತ್ರಕ್ಕೆ ಅದು ಮ್ಯೂಸಿಯಂ ಆಗಿಬಿಡಲ್ಲ. ಗೋಡೆಯ ಮೇಲೆ ಕೆತ್ತಿದವರು ಯಾರೂ ಮ್ಯೂಸಿಯಂಗೆ ಅಂತ ಕೆತ್ತಲಿಲ್ಲ. ನೋಡುವವರು ಪ್ರದಕ್ಷಿಣೆ ಹಾಕ್ತಾರೆ ಅಂತ ಲೆಕ್ಕ ಹಾಕಿಯೇ ಕೆತ್ತಿದ್ದಾರೆ, ಆ ಪ್ರದಕ್ಷಿಣೆಯನ್ನು ಇವತ್ತೂ ಯಾರು ಬೇಕಾದರೂ ಹಾಕಬಹುದು.

ನಿಜವಾಗಿ ಇಲ್ಲಿ ಪ್ರದಕ್ಷಿಣೆ ಅಂದರೆ ಓದು. ದೇವಸ್ಥಾನ ನಕ್ಷತ್ರದ ಆಕಾರದ ಜಗತಿಯ ಮೇಲೆ, ಅಂದರೆ ಎತ್ತರದ ಕಲ್ಲಿನ ಕಟ್ಟೆಯ ಮೇಲೆ, ನಿಂತಿದೆ. ಒಳಗೆ ಪ್ರದಕ್ಷಿಣಾ ಪಥ ಇಲ್ಲ, ಜಗತಿಯ ಮೇಲೆಯೇ ಸುತ್ತಬೇಕು. ಚಪ್ಪಲಿ ಕೆಳಗೆ ಬಿಟ್ಟು ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿ. ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಕೆಗಳು. ಕೆಳಗೆ ಆನೆಗಳು, ಅವುಗಳ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ, ಅದರ ಮೇಲೆ ಕಥೆಯ ಸಾಲು, ಮತ್ತೆ ಮಕರಗಳು, ಹಂಸಗಳು. ಕಥೆಯ ಸಾಲನ್ನು ಹಿಡಿದುಕೊಂಡು ನಡೆದರೆ ದಕ್ಷಿಣದ ಗುಡಿಯ ಸುತ್ತ ರಾಮಾಯಣ, ಹಿಂದೆ ನಡುವಿನ ಗುಡಿಯ ಸುತ್ತ ಭಾಗವತದ ಕೃಷ್ಣ ಕಥೆ, ಉತ್ತರದ ಗುಡಿಯ ಸುತ್ತ ಮಹಾಭಾರತ. ಅಪ್ರದಕ್ಷಿಣೆಯಾಗಿ ಹೋದರೆ ಕಥೆ ಹಿಂದುಮುಂದಾಗುತ್ತೆ. ಬಹಳ ಜನ ಎಲ್ಲಿ ನೆರಳಿದೆಯೋ ಆ ಕಡೆಯಿಂದ ಶುರು ಮಾಡ್ತಾರೆ, ಹಾಗೆ ಮಾಡಬೇಡಿ.

ಅಕ್ಕನ ಮಗಳು ಎಂಟನೇ ಕ್ಲಾಸು. ರಾಮಾಯಣದ ಸಾಲಿನಲ್ಲಿ ಅವಳು ಸುಮ್ನೆ ನಡೆದಳು. ಹಿಂಭಾಗಕ್ಕೆ ಬಂದು ಕೃಷ್ಣನ ಕಥೆ ಶುರುವಾದ ಮೇಲೆ ಮೊಣಕಾಲೂರಿ ಕೂತುಬಿಟ್ಟಳು, "ಚಿಕ್ಕಿ, ಇದು ಬೆಣ್ಣೆ ಕದಿಯೋದು ಅಲ್ವಾ? ಇದು ಪೂತನಿ ಅಲ್ವಾ?" ಅಂತ ಒಂದೊಂದಾಗಿ ಗುರುತು ಹಿಡಿಯೋಕೆ ಶುರು ಮಾಡಿದಳು. ಅಮ್ಮನೂ ಬಗ್ಗಿ ನೋಡಿದರು. ಗೇಣುದ್ದದ ಜಾಗದಲ್ಲಿ ಮರ, ಮನೆ, ಹಸು, ಹೆಂಗಸು, ಮಗು ಎಲ್ಲ ಬಂದಿರುತ್ತೆ, ಒಂದು ಕಥೆ ಮುಗಿದು ಇನ್ನೊಂದು ಶುರುವಾಗೋ ಕಡೆ ಗೆರೆ ಎಳೆದು ತೋರಿಸಿರಲ್ಲ, ಕಥೆ ಗೊತ್ತಿದ್ದವರು ಮಾತ್ರ ಇಲ್ಲಿಗೆ ಮುಗಿಯಿತು ಅಂತ ಹೇಳಬಹುದು. ಕೆತ್ತಿದವನಿಗೆ ತನ್ನ ಜನಕ್ಕೆ ಈ ಕಥೆಗಳೆಲ್ಲ ಗೊತ್ತು ಅನ್ನೋ ನಂಬಿಕೆ ಇತ್ತು. ಆ ನಂಬಿಕೆ ನನಗೆ ತುಂಬಾ ಇಷ್ಟ.

ಪಟ್ಟಿಕೆಗಳ ಮೇಲೆ ದೊಡ್ಡ ವಿಗ್ರಹಗಳ ಸಾಲು. ಕುಣಿಯುವ ಗಣಪತಿ, ಮಹಿಷಮರ್ದಿನಿ, ಸರಸ್ವತಿ, ಲಕ್ಷ್ಮೀನಾರಾಯಣ, ವರಾಹ, ಐರಾವತದ ಮೇಲೆ ಶಚಿಯ ಜೊತೆ ಕೂತ ಇಂದ್ರ. ಇವುಗಳ ನಡುವೆ ಮತ್ತೆ ಮತ್ತೆ ನಿಂತ ವಿಷ್ಣು ಬರುತ್ತಾನೆ. ಮೊದಲ ಸಲ ನೋಡುವವರಿಗೆ ಎಲ್ಲ ಒಂದೇ ಥರ ಅನ್ನಿಸಬಹುದು. ಒಂದೇ ಅಲ್ಲ. ಸಂಧ್ಯಾವಂದನೆಯಲ್ಲಿ ಕೇಶವಾಯ ನಮಃ, ನಾರಾಯಣಾಯ ನಮಃ ಅಂತ ಹೇಳ್ತಾರಲ್ಲ, ಆ 24 ಹೆಸರಿಗೂ ಒಂದೊಂದು ರೂಪ ಇದೆ. ನಾಲ್ಕು ಕೈ, ಶಂಖ, ಚಕ್ರ, ಗದೆ, ಪದ್ಮ. ಯಾವ ಕೈಯಲ್ಲಿ ಯಾವುದು ಅನ್ನೋದು ಬದಲಾದರೆ ಹೆಸರೂ ಬದಲಾಗುತ್ತೆ. ನಾಲ್ಕು ವಸ್ತುಗಳನ್ನು ನಾಲ್ಕು ಕೈಗೆ ಹಂಚೋಕೆ 24 ದಾರಿ, ಲೆಕ್ಕ ಸರಿಯಾಗಿ ಕೂರುತ್ತೆ. ಇದನ್ನು ಹೇಳಿದ ಮೇಲೆ ಅಮ್ಮ 24 ಹೆಸರನ್ನೂ ಮೆಲ್ಲಗೆ ಹೇಳ್ತಾ ಮುಂದೆ ಹೋದರು, ಹುಡುಗಿ ಪ್ರತಿಯೊಂದರ ಕೈ ನೋಡಿ ನೋಟ್‌ಬುಕ್ಕಿನಲ್ಲಿ ಗುರುತು ಮಾಡ್ತಾ ಬಂದಳು. ಪೂಜೆ ಇಲ್ಲ ಅನ್ನೋ ಮಾತು ಆಮೇಲೆ ಬರಲಿಲ್ಲ.

ಇನ್ನು ಹೆಸರುಗಳ ವಿಷಯ. ಅವು ಎಲ್ಲ ವಿಗ್ರಹದ ಕೆಳಗೂ ಇಲ್ಲ, ಇದ್ದ ಕಡೆಯೂ ಕಣ್ಣಿಗೆ ಬೀಳೋದು ಬೆಳಕು ಓರೆಯಾಗಿ ಬಿದ್ದಾಗ ಮಾತ್ರ. ನೆತ್ತಿಯ ಮೇಲೆ ಸೂರ್ಯ ಇದ್ದರೆ ಪೀಠಕ್ಕೆ ನೆರಳು ಬಿದ್ದು ಏನೂ ಕಾಣಲ್ಲ. ಬೆಳಿಗ್ಗೆ ಬೇಗ ಹೋಗಿ, ಅಥವಾ ಸಂಜೆ ನಾಲ್ಕರ ಮೇಲೆ. ನಾವು ಹೋದಾಗ ಬೆಳಗಿನ ಬಿಸಿಲು ದಕ್ಷಿಣದ ಗೋಡೆಯ ಮೂಲೆ ಮೂಲೆಯಲ್ಲೂ ಅಡ್ಡಲಾಗಿ ಬೀಳ್ತಿತ್ತು. ಒಂದು ಪೀಠದ ಮುಂದೆ ಹುಡುಗಿಯನ್ನು ನಿಲ್ಲಿಸಿ ಓದು ಅಂದೆ. ಏಳೂವರೆ ಶತಮಾನಕ್ಕೂ ಹಿಂದಿನ ಅಕ್ಷರ, ಈಗಿನ ಹಾಗೆ ದುಂಡಗೆ ಇಲ್ಲ, ತಲೆಕಟ್ಟು ಬೇರೆ ಥರ, ಗೆರೆಗಳು ಆಳವಿಲ್ಲ. ಮೊದಲು "ಬರಲ್ಲ ಚಿಕ್ಕಿ" ಅಂದಳು. ಸ್ವಲ್ಪ ಹೊತ್ತು ಹಾಗೇ ನೋಡ್ತಾ ನಿಂತಳು. ಆಮೇಲೆ ಕಲ್ಲು ಮುಟ್ಟದೆ, ಗಾಳಿಯಲ್ಲೇ ಬೆರಳಿನಿಂದ ಆ ಗೆರೆಗಳನ್ನು ತಿದ್ದಿದಳು. "ಮ... ಲ್ಲಿ... ತ..." ಅಲ್ಲಿಗೆ ಅವಳಿಗೆ ತಿಳಿದುಹೋಯಿತು. ಆಮೇಲೆ ನಮ್ಮಿಬ್ಬರಿಗೂ ಕಾಯಲಿಲ್ಲ, ಪೀಠದಿಂದ ಪೀಠಕ್ಕೆ ಹೋಗಿ ತಾನೇ ಹುಡುಕೋಕೆ ಶುರು ಮಾಡಿದಳು.

ಕನ್ನಡ ಓದಲು ಬರುವವರಿಗೆ ಮಾತ್ರ ಸಿಗುವ ಸುಖ ಇದು. ಎಷ್ಟೋ ದೇಶಗಳಿಂದ ಜನ ಬಂದು ಒಳ್ಳೊಳ್ಳೆ ಕ್ಯಾಮೆರಾದಲ್ಲಿ ಫೋಟೋ ತಕ್ಕೊಂಡು ಹೋಗ್ತಾರೆ, ಸಂತೋಷವೇ, ಆದರೆ ಈ ಅಕ್ಷರ ಅವರಿಗೆ ಬರೀ ಗೀಚು. ನಮಗೆ ಮಾತ್ರ ಅಲ್ಲಿ ಒಬ್ಬ ಮನುಷ್ಯ ಕಾಣಿಸ್ತಾನೆ. ನಂಜಯ, ಚೌಡೆಯ ಅನ್ನೋ ಹೆಸರು ಕೇಳಿ, ಈ ಸೀಮೆಯಲ್ಲಿ ಇವತ್ತೂ ನಂಜಯ್ಯ, ಚೌಡಯ್ಯ ಅನ್ನುವವರು ಇದ್ದಾರೆ. ಪಿಟೀಲು ಚೌಡಯ್ಯನವರು ಹುಟ್ಟಿದ ತಿರುಮಕೂಡಲು ಇರೋದೂ ಇದೇ ತಾಲ್ಲೂಕಿನಲ್ಲಿ.

ಹೆಸರು ಯಾಕೆ ಬರೆದರು? ಕೂಲಿ ಲೆಕ್ಕಕ್ಕೆ ಇರಬಹುದು ಅಂತ ಕೆಲವರು ಹೇಳ್ತಾರೆ, ಯಾರು ಎಷ್ಟು ವಿಗ್ರಹ ಮುಗಿಸಿದರು ಅಂತ ಗೊತ್ತಾಗಬೇಕಲ್ಲ. ಬರೀ 'ಮ' ಅಂತ ಇರುವ ಕಡೆ ಅದು ಒಪ್ಪುವ ಮಾತು. ಆದರೆ ಪೂರ್ತಿ ಹೆಸರನ್ನು, ದೇವರ ಪಾದದ ಕೆಳಗೆ, ಎಲ್ಲರೂ ಬಗ್ಗಿ ನಮಸ್ಕಾರ ಮಾಡುವ ಕಡೆಯೇ ಬರೆದಿರುವುದನ್ನು ನೋಡಿದರೆ ನನಗೆ ಲೆಕ್ಕಕ್ಕಿಂತ ಹೆಚ್ಚಿನದು ಏನೋ ಇದೆ ಅನ್ನಿಸುತ್ತೆ. ಮಲ್ಲಿತಮ್ಮ ಆ ಹೊತ್ತಿಗೆ ಹೊಸಬನಲ್ಲ. 1196ರ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ ಮಲ್ಲಿತಮ್ಮ ಅನ್ನೋ ಹೆಸರಿದೆ, 1246ರ ನುಗ್ಗೇಹಳ್ಳಿಯಲ್ಲಿದೆ, 1258ರಲ್ಲಿ ಇಲ್ಲಿದೆ. ಇದೆಲ್ಲ ಒಬ್ಬನೇ ಅಂತ ವಿದ್ವಾಂಸರು ಹೇಳುವ ಮಾತನ್ನು ಒಪ್ಪಿದರೆ, 60 ವರ್ಷಕ್ಕೂ ಹೆಚ್ಚು ಕಾಲ ಉಳಿ ಹಿಡಿದಿದ್ದ ಮುದುಕನೊಬ್ಬ ಸೋಮನಾಥಪುರದ ಈ ಜಗತಿಯ ಮೇಲೆ ಓಡಾಡಿದ್ದಾನೆ. ಅವನ ಕೈಕೆಳಗೆ ಎಷ್ಟು ಜನ ಕಲಿತರೋ, ಅವರಲ್ಲಿ ಯಾರ ಯಾರ ಹೆಸರು ಪಕ್ಕದ ಪೀಠಗಳಲ್ಲಿದೆಯೋ.

ಒಳಗಿನ ನವರಂಗವನ್ನು, ಅಂದರೆ ಗರ್ಭಗುಡಿಗಳ ಮುಂದಿನ ಕಂಬಗಳ ಮಂಟಪವನ್ನು, ಬೇಗ ಮುಗಿಸಿ ಹೊರಗೆ ಬರಬೇಡಿ. ಅಲ್ಲಿ ಬೆಳಕು ಕಡಿಮೆ. ಬಾಗಿಲಿನಿಂದ ಮತ್ತು ಮುಂದಿನ ಜಾಲಂಧ್ರಗಳಿಂದ (ತೂತು ಕೊರೆದ ಕಲ್ಲಿನ ಕಿಟಕಿಗಳಿಂದ) ಬರುವಷ್ಟೇ. ಕಣ್ಣು ಹೊಂದಿಕೊಳ್ಳೋಕೆ ಬಿಡಿ, ಆಮೇಲೆ ತಲೆ ಎತ್ತಿ ಮೇಲಿನ ಭುವನೇಶ್ವರಿಗಳನ್ನು, ಅಂದರೆ ಕೆತ್ತನೆಯ ಒಳಚಾವಣಿಗಳನ್ನು, ನೋಡಿ. ಕಂಬಗಳ ನಡುವಿನ ಪ್ರತಿ ಅಂಕಣಕ್ಕೂ ಒಂದು ಭುವನೇಶ್ವರಿ, ಒಂದೊಂದೂ ಒಂದೊಂದು ಥರ. ನನಗೆ ಬಹಳ ಇಷ್ಟವಾಗೋದು ಬಾಳೆಮೊಗ್ಗಿನದು. ಮೇಲಿನಿಂದ ಕೆಳಕ್ಕೆ ಜೋತುಬಿದ್ದ ಹೂವಿನ ಮೊಗ್ಗು, ಅದರ ಸುತ್ತ ಸುತ್ತು ಸುತ್ತಾಗಿ ಮೇಲೇರುವ ಕಲ್ಲಿನ ಬಳೆಗಳು. ಅಷ್ಟು ಭಾರದ ಕಲ್ಲನ್ನು ಗಾರೆ ಇಲ್ಲದೆ, ಒಂದಕ್ಕೊಂದು ಕೂರಿಸಿಯೇ ನಿಲ್ಲಿಸಿದ್ದಾರೆ. ಕೆಳಗಿನ ಕಂಬಗಳು ತಿರುಗಿಸಿ ಕಡೆದಂಥವು, ಹೊಳಪು ಇನ್ನೂ ಇದೆ. ಮೊಬೈಲ್ ಟಾರ್ಚ್ ಹಾಕುವುದಾದರೆ ಕಂಬದ ಮಗ್ಗುಲಿನಿಂದ ಹಾಕಿ, ನೇರ ಹಾಕಿದರೆ ಎಲ್ಲ ಚಪ್ಪಟೆಯಾಗಿ ಕಾಣುತ್ತೆ. ವೇಣುಗೋಪಾಲನ ಮುಂದೆ ಅಮ್ಮ ಬಹಳ ಹೊತ್ತು ನಿಂತರು. ಕೊಳಲು ಹಿಡಿದ ಕೈಗೆ ಪೆಟ್ಟಾಗಿದೆ, ಆದರೆ ಕೆಳಗೆ ಹಸುಗಳು ಇನ್ನೂ ಕತ್ತೆತ್ತಿ ಕೇಳ್ತಾ ಇವೆ.

ಹೊರಗೆ ಬಂದು ಸುತ್ತಲಿನ ಕೈಸಾಲೆಯಲ್ಲಿ, ಅಂದರೆ ಕಂಬಗಳ ಪಡಸಾಲೆಯಲ್ಲಿ, ಕೂತೆವು. ಅಂಗಳದ ಸುತ್ತ 64 ಚಿಕ್ಕ ಗುಡಿಗಳಿವೆ, ಒಂದು ಕಾಲಕ್ಕೆ ಅವುಗಳಲ್ಲೂ ವಿಗ್ರಹಗಳಿದ್ದವು, ಈಗ ಖಾಲಿ. ಇಲ್ಲಿಂದ ಮೂರೂ ಶಿಖರಗಳು ಒಟ್ಟಿಗೆ ಕಾಣಿಸುತ್ತವೆ. ಬೇಲೂರಿನಲ್ಲಿ ಶಿಖರ ಇಲ್ಲ, ಹಳೇಬೀಡಿನಲ್ಲಿ ಇಲ್ಲ. ಈ ಮೂರು ದೇವಾಲಯಗಳೂ 2023ರ ಸೆಪ್ಟೆಂಬರಿನಲ್ಲಿ ಒಟ್ಟಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಅವುಗಳಲ್ಲಿ ಹೊಯ್ಸಳರ ಶಿಖರ ಹೇಗಿರುತ್ತೆ ಅಂತ ನೋಡಬೇಕಾದರೆ ಇಲ್ಲಿಗೇ ಬರಬೇಕು.

ಒಂದು ವಿಷಯ ಮಾತ್ರ ಹೊಟ್ಟೆ ಉರಿಸುತ್ತೆ. ಫೋಟೋಗೋಸ್ಕರ ಜನ ವಿಗ್ರಹಗಳಿಗೆ ಒರಗಿ ನಿಲ್ತಾರೆ, ಮಕ್ಕಳನ್ನು ಆನೆ ಸಾಲಿನ ಮೇಲೆ ಹತ್ತಿಸ್ತಾರೆ. ಕೈಸಾಲೆಯ ಕಂಬವೊಂದರ ಮೇಲೆ ಯಾರೋ ತಮ್ಮ ಹೆಸರು ಗೀರಿದ್ದರು. ಎದುರಿನ ಗೋಡೆಯ ಮೇಲೆ ಹೆಸರು ಬರೆಯೋಕೆ ಒಬ್ಬನಿಗೆ ಎಂಥ ಕೆಲಸ ಮಾಡಬೇಕಾಗಿತ್ತು ಅಂತ ಮಕ್ಕಳಿಗೆ ಅಲ್ಲೇ ನಿಲ್ಲಿಸಿ ಹೇಳಿ, ದಯವಿಟ್ಟು. ಮುಟ್ಟೋದೂ ಬೇಡ. ಕೈಯ ಎಣ್ಣೆ ಬೆವರು ತಾಗಿ ತಾಗಿ ಎಷ್ಟೋ ವಿಗ್ರಹಗಳ ಮಂಡಿ, ಕಾಲ್ಬೆರಳು ಕಪ್ಪಾಗಿ ಸವೆದಿವೆ.

ಹೋಗುವವರಿಗೆ ಇನ್ನೊಂದೆರಡು ಮಾತು. ಹನ್ನೊಂದು ಗಂಟೆಯ ಮೇಲೆ ಜಗತಿಯ ಕಲ್ಲು ಕಾದುಬಿಡುತ್ತೆ, ಕಾಲುಚೀಲ ಇಟ್ಟುಕೊಳ್ಳಿ. ವಯಸ್ಸಾದವರಿದ್ದರೆ ಮೆಟ್ಟಿಲು ಹತ್ತುವಾಗ ಕೈ ಹಿಡಿಯಿರಿ. ತಲಕಾಡು, ಸೋಮನಾಥಪುರ ಎರಡನ್ನೂ ಒಂದೇ ದಿನ ಮುಗಿಸುವ ಪ್ಯಾಕೇಜುಗಳಲ್ಲಿ ಇಲ್ಲಿಗೆ ಅರ್ಧ ಗಂಟೆ ಕೊಡ್ತಾರೆ, ಅರ್ಧ ಗಂಟೆಯಲ್ಲಿ ಒಂದು ಸುತ್ತೂ ನೆಟ್ಟಗೆ ಆಗಲ್ಲ. ಅರ್ಧ ದಿನ ಇಟ್ಟುಕೊಂಡು, ಬುತ್ತಿ ಕಟ್ಟಿಕೊಂಡು ಬನ್ನಿ. ನಾವು ಹೊರಗೆ ಮರದ ಕೆಳಗೆ ಕೂತು ಚಿತ್ರಾನ್ನ, ಮೊಸರನ್ನ ತಿಂದೆವು. ಅಮ್ಮನ ಮಲ್ಲಿಗೆ ಹುಡುಗಿಯ ಜಡೆಗೆ ಹೋಯಿತು.

ಈಗ ಅವಳಿಗೆ ನುಗ್ಗೇಹಳ್ಳಿಗೆ ಹೋಗಬೇಕಂತೆ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಮಲ್ಲಿತಮ್ಮನ ಜೊತೆ ಬೈಚೋಜ ಅನ್ನೋ ಇನ್ನೊಬ್ಬ ಶಿಲ್ಪಿಯೂ ಕೆಲಸ ಮಾಡಿದ್ದಾನೆ, ಇಬ್ಬರ ಕೈಯನ್ನೂ ಒಂದೇ ಕಟ್ಟಡದಲ್ಲಿ ಹೋಲಿಸಿ ನೋಡಬಹುದು. ಅಲ್ಲಿ ಪೂಜೆಯೂ ಇದೆ, ಹಾಗಾಗಿ ಅಮ್ಮನೂ ತಯಾರು. ಚನ್ನರಾಯಪಟ್ಟಣದ ಕಡೆಯವರು ಯಾರಾದರೂ ಇದನ್ನು ಓದ್ತಿದ್ದರೆ, ದೇವಸ್ಥಾನದ ಬಾಗಿಲು ಬೆಳಿಗ್ಗೆ ಎಷ್ಟು ಹೊತ್ತಿಗೆ ತೆಗೀತಾರೆ, ಅರ್ಚಕರಿಗೆ ಮೊದಲೇ ಹೇಳಿ ಹೋಗಬೇಕಾ ಅಂತ ಸ್ವಲ್ಪ ತಿಳಿಸಿ.